ಚೂದ್ದಾಂ

ಬ್ಯಾಂಕಿನ ಕೆಲಸದ ಮೇಲೆ ವಿಜಯವಾಡದಲ್ಲಿದ್ದಾಗ ಪಕ್ಕದ ಮನೆಯಲ್ಲಿ ಒಬ್ಬ ಶಾಸಕರಿದ್ದರು. ಬೆಳಗಿನ ನಡಿಗೆಗೆ ನಾನು ಗೇಟು ತೆಗೆಯುವ ಹೊತ್ತಿಗೆ ಪಂಚೆ ಎತ್ತಿಕಟ್ಟಿ ನಿಂತಿರುತ್ತಿದ್ದರು. "ಕಾನೂನು ನಾವು ಮಾಡ್ತೀವಿ ಸಾರ್, ಅದಕ್ಕೆ ಬಾಲ ಅಧಿಕಾರಿಗಳು ಅಂಟಿಸ್ತಾರೆ" ಎನ್ನುತ್ತಿದ್ದರು. ಬಾಲ ಎಂದರೆ ಕಾನೂನಿನ ಕೆಳಗೆ ಇಲಾಖೆಗಳು ಬರೆಯುವ ನಿಯಮಗಳು.

ಒಮ್ಮೆ, ನೊಣ ಕೂರುತ್ತದೆಂದು, ತಾರಸಿಯಲ್ಲಿ ಒಣಗಿಸಿದ ಹಪ್ಪಳ ಮಾರಬಾರದೆಂಬ ನಿಯಮ ಬಂತು. ಹಪ್ಪಳದಿಂದಲೇ ಬದುಕುತ್ತಿದ್ದ, ಊರಿನ ಹಳೇ ಪೇಟೆ ಒನ್ ಟೌನಿನ ಹೆಂಗಸರು ಶಾಸಕರ ಮನೆಗೆ ಬಂದು ಕುಳಿತರು. ಇವರು ಆ ಇಲಾಖೆಯ ಅಧಿಕಾರಿಯನ್ನು ಕರೆಸಿದರು. ಆತ ವಿನಯದಿಂದ "ಚೂದ್ದಾಂ ಸಾರ್" ಎಂದ. ತೆಲುಗಿನಲ್ಲಿ ನೋಡೋಣ ಎಂದರ್ಥ, ಆದರೆ ಅಲ್ಲಿನ ಕಚೇರಿಗಳಲ್ಲಿ ಅದು 'ಆಗುವುದಿಲ್ಲ' ಎನ್ನುವುದಕ್ಕೆ ಮರ್ಯಾದೆಯ ಮಾತು.

"ಪದಂಡಿ, ಚೂದ್ದಾಂ. ನಡೀರಿ, ನೋಡೇಬಿಡೋಣ" ಎಂದು ಇವರು ಎದ್ದರು. ನಾನೂ ಹಿಂದೆ ಹೋದೆ. ಆ ಹೆಂಗಸರ ತಾರಸಿಯಲ್ಲಿ ಹಪ್ಪಳಗಳ ಮೇಲೆ ತೆಳುವಾದ ಬಿಳಿ ಬಟ್ಟೆ ಹೊದಿಸಿತ್ತು. "ನೊಣ ಎಲ್ಲಿದೆ ತೋರಿಸು ಬಾಬೂ, ನಾನೂ ನೋಡ್ತೀನಿ" ಎಂದಳು ಒಬ್ಬ ಮುದುಕಿ. ಅಧಿಕಾರಿ ಬೆವರು ಒರೆಸಿಕೊಂಡ.

"ನಿಯಮ ಮಾಡೋದು ತಿಳಿದವರ ಕೆಲಸವಲ್ಲವೇ?" ಎಂದು ಮರಳುವ ದಾರಿಯಲ್ಲಿ ಶಾಸಕರನ್ನು ಕೇಳಿದೆ.

"ಮಾಡಲಿ ಸಾರ್. ಮಾಡಿದ್ದನ್ನ ನಾವು ಮೆಟ್ಟಿಲು ಹತ್ತಿ ನೋಡಬೇಕು."

ಮುಂದಿನ ಅಧಿವೇಶನದಲ್ಲಿ ಅವರು ವಿಷಯ ಎತ್ತಿದರು. ಸದನ ಆ ನಿಯಮವನ್ನು ರದ್ದುಮಾಡಿತು. ಈಗಲೂ ನಾನು "ನೋಡೋಣ" ಎಂದರೆ ಸಾಕು, ನನ್ನ ಹೆಂಡತಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಲ್ಲುತ್ತಾಳೆ.