ಅಂಗಡಿಯ ಮೊಟ್ಟೆಯಲ್ಲಿ ಬಡಿದ ಹೃದಯ

ದೆವ್ವ, ಪವಾಡ, ಮೈಮೇಲೆ ಬರುವುದು ಎಂದರೆ ಕಿಸಕ್ಕನೆ ನಕ್ಕುಬಿಡುತ್ತಿದ್ದವಳು ನಾನು. ಪ್ರಾಣಿಶಾಸ್ತ್ರ ಓದತೊಡಗಿದ ಮೇಲಂತೂ ಕೇಳುವುದೇ ಬೇಡ. ಈಗಲೂ ಅಂಥವನ್ನು ನಂಬುವುದಿಲ್ಲ. ಆದರೆ ಎಂ.ಎಸ್ಸಿ. ಓದುವಾಗ ನಡೆದ ಒಂದು ಸಂಗತಿಯನ್ನು ಏನೆಂದು ಕರೆಯಬೇಕೋ ತಿಳಿಯದು. ನೆನೆದಾಗಲೆಲ್ಲ ಭಯಕ್ಕಿಂತ ಮೊದಲು ಸಿಟ್ಟು ಬರುತ್ತದೆ.

ಯಲಹಂಕದ ಆಚೆಯ ಒಂದು ಕಾಲೇಜು. ಭ್ರೂಣ ಹೇಗೆ ಬೆಳೆಯುತ್ತದೆ ಎಂದು ತಿಳಿಯಲು ಕೋಳಿಮೊಟ್ಟೆಯನ್ನು ಇನ್‌ಕ್ಯುಬೇಟರಿನಲ್ಲಿ ಕೆಲವು ದಿನ ಕಾವಿಗಿಟ್ಟು, ಆಮೇಲೆ ಬಟ್ಟಲಿನಲ್ಲಿ ಇಟ್ಟುಕೊಂಡು ಚಿಪ್ಪು ಕತ್ತರಿಸಿ ನೋಡುವ ಪ್ರಾಕ್ಟಿಕಲ್ ಇತ್ತು. ಇದಕ್ಕೆ ಹುಂಜದ ಜೊತೆ ಬಿಟ್ಟು ಸಾಕಿದ ಕೋಳಿಯ ಮೊಟ್ಟೆಯೇ ಬೇಕು. ನಮ್ಮ ಮೇಡಂಗೆ ಹೆಬ್ಬಾಳದ ಕೋಳಿ ಸಾಕಣೆ ಕೇಂದ್ರದವರೆಗೆ ಯಾರನ್ನಾದರೂ ಕಳಿಸಿ ಅದನ್ನು ತರಿಸುವ ಉಸಾಬರಿ ಬೇಡ. ಗೇಟಿನೆದುರಿನ ಅಂಗಡಿಯಿಂದ ಆಮ್ಲೆಟ್ಟಿನ ಬಿಳಿ ಮೊಟ್ಟೆ ತರಿಸಿ, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ತಾವೇ ಸಹಿ ಹಾಕಿ ಕಾವಿಗಿಡುತ್ತಿದ್ದರು. ಹುಂಜದ ಮುಖವನ್ನೇ ಕಾಣದ ಫಾರಂ ಕೋಳಿಯ ಮೊಟ್ಟೆಯಲ್ಲಿ ಮರಿ ಹೇಗೆ ಮೂಡೀತು? ನಾವು ಖಾಲಿ ಮೊಟ್ಟೆ ಒಡೆಯುವುದು, ಗೋಡೆಯ ಚಾರ್ಟ್ ನೋಡಿ ಭ್ರೂಣದ ಚಿತ್ರ ಬರೆಯುವುದು, ಮೇಡಂ ರೈಟ್ ಹಾಕುವುದು. ವಿಜ್ಞಾನವನ್ನು ಹೀಗೆ ಕಲಿಸುತ್ತಿದ್ದರು! ಈಗ ಬರೆಯುವಾಗಲೂ ಮೈ ಉರಿಯುತ್ತದೆ.

ಆ ಮಧ್ಯಾಹ್ನ ನನ್ನ ಪಾಲಿನ ಮೊಟ್ಟೆಯ ಚಿಪ್ಪನ್ನು ಕತ್ತರಿಸಿದೆ. ಹಳದಿಯ ಮೇಲೆ ಕೆಂಪು ರಕ್ತನಾಳಗಳ ಬಲೆ. ನಡುವೆ ಸಾಸಿವೆಯಷ್ಟು ಕೆಂಪು ಚುಕ್ಕೆಯೊಂದು ಮಿಡಿಯುತ್ತಿತ್ತು. ಪಕ್ಕದಲ್ಲಿದ್ದ ಬಾಗಲಕೋಟೆಯ ಗೆಳತಿ ಬಗ್ಗಿ ನೋಡಿ, "ಏ ಯವ್ವಾ, ಜೀವ ಐತಲ್ಲೇ ಇದಕ್ಕ!" ಎಂದಳು. ಕುಣಿಯುವುದೊಂದು ಬಾಕಿ ನನಗೆ. ಮೇಡಂ ಅವರನ್ನು ಕೂಗಿದೆ.

ಬಂದು ನೋಡಿದರು. ಮುಖ ಬಿಳಿಚಿಕೊಂಡಿತು. ಆಮೇಲೆ, "ನಾಟಿ ಮೊಟ್ಟೆ ತಂದು ಇಟ್ಟಿದ್ದೀಯಾ? ನನ್ನ ಮರ್ಯಾದೆ ತೆಗೀಬೇಕು ಅಂತಾನಾ? ನಿಮ್ಮ ಅಬ್ಬಿಗೆರೆ ಮನೇಲಿ ಕೋಳಿ ಸಾಕ್ತೀರ ಅಲ್ವಾ?" ಎಂದರು.

"ಇಲ್ಲ ಮೇಡಂ, ಚಿಪ್ಪಿನ ಮೇಲೆ ನಿಮ್ದೇ ಸೈನ್ ಇದೆ ನೋಡಿ," ಎಂದೆ. ನೋಡಲಿಲ್ಲ. ಮಿಡಿಯುತ್ತಿದ್ದುದನ್ನು ಮಿಡಿಯುತ್ತಿದ್ದಂತೆಯೇ ಬಟ್ಟಲಿನಿಂದ ಸಿಂಕಿಗೆ ಸುರಿದು ನಲ್ಲಿ ತಿರುಗಿಸಿದರು. ಚಿಪ್ಪನ್ನು ಮುಷ್ಟಿಯಲ್ಲೇ ಪುಡಿ ಮಾಡಿದರು. ನೀನೇನಾದರೂ ನೋಡಿದೆಯಾ ಎಂದು ಗೆಳತಿಯನ್ನು ಕೇಳಿದರು. ಅವಳು ನೆಲ ನೋಡುತ್ತ, "ನಾ ಏನೂ ನೋಡಿಲ್ರಿ ಮೇಡಂ," ಎಂದಳು.

ಬಾಡಿಗೆ ಮನೆಗಳನ್ನು ಕಟ್ಟಿಸಿದ ಮೇಲೆ ನಮ್ಮಲ್ಲಿ ಕೋಳಿಯಿರಲಿ, ಕೋಳಿಗೂಡಿಗೂ ಜಾಗ ಉಳಿದಿರಲಿಲ್ಲ. ಯಾರಿಗೆ ಹೇಳಲಿ? ಮೋಸ ಮಾಡಿದೆನೆಂದು ಬರೆದುಕೊಡು, ಇಲ್ಲವಾದರೆ ಪ್ರಾಕ್ಟಿಕಲ್‌ನಲ್ಲಿ ಫೇಲ್ ಎಂದರು. ಬರೆದುಕೊಡಲಿಲ್ಲ, ಫೇಲಾದೆ. ಆ ಲ್ಯಾಬಿನಲ್ಲಿ ಭ್ರೂಣವನ್ನು ನಿಜವಾಗಿ ಕಂಡವಳು ಫೇಲು, ಚಾರ್ಟ್ ನೋಡಿ ಬರೆದವರೆಲ್ಲ ಪಾಸು!

ಗಂಡಿನ ಸಂಪರ್ಕವಿಲ್ಲದೆಯೂ ಅಂಡ ಬೆಳೆಯತೊಡಗುವುದು ಅಪರೂಪಕ್ಕೆ ಉಂಟೆಂದು ಆಮೇಲೆ ಓದಿದೆ. ಕೋಳಿಯಲ್ಲಿ ಅದು ಹೃದಯ ಬಡಿಯುವವರೆಗೆ ಬಂದದ್ದನ್ನು ನಾನು ಎಲ್ಲೂ ಓದಿಲ್ಲ. ಅಂಗಡಿಯವನನ್ನೂ ಹೋಗಿ ಕೇಳಿದೆ. ಅವನು ನಾಟಿ ಮೊಟ್ಟೆ ಮಾರುವುದೇ ಇಲ್ಲವಂತೆ.

ಮರುವರ್ಷ ಮತ್ತೆ ಪರೀಕ್ಷೆ ಕಟ್ಟಿ ಪಾಸಾದೆ. ಟಿ.ಸಿ. ತರಲು ಹೋದ ದಿನ ಮೇಡಂ ಕಾರಿಡಾರಿನಲ್ಲಿ ಸಿಕ್ಕರು. ಕೈಹಿಡಿದು ಮೂಲೆಗೆ ಕರೆದೊಯ್ದು, "ಈಗಲಾದ್ರೂ ಹೇಳಮ್ಮ, ಆ ಮೊಟ್ಟೆ ನೀನೇ ತಂದಿದ್ದು ತಾನೆ? ನಾನೇನೂ ಮಾಡಲ್ಲ. ಹೂಂ ಅಂದ್ಬಿಡು, ಸಾಕು," ಎಂದರು. ಹಿಡಿದ ಕೈಯನ್ನು ಬಿಟ್ಟಿರಲಿಲ್ಲ.

"ಇಲ್ಲ ಮೇಡಂ," ಎಂದೆ. ಹೂಂ ಎಂದಿದ್ದರೆ ಅವರು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು. ನನಗೇ ಇಲ್ಲದ ನೆಮ್ಮದಿಯನ್ನು ಅವರಿಗೆ ಎಲ್ಲಿಂದ ತಂದುಕೊಡಲಿ?