ಯಾರಿಗೂ ಹೇಳುವುದಿಲ್ಲವೆಂದು ಕೊಟ್ಟ ಮಾತು

ಎಂಟು ವರ್ಷ ನರ್ಸಾಗಿ ದುಡಿದ ಮೇಲೆ ನಾನು ಸಂಶೋಧನೆಗೆ ಸೇರಿಕೊಂಡೆ. ಲಕ್ವ ಹೊಡೆದು ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವ ಹೆಂಗಸರ ಬದುಕು ನನ್ನ ವಿಷಯ. ವಾರಕ್ಕೆ ಮೂರು ದಿನ ಬಾಗಲಕೋಟೆಯ ನವನಗರದಿಂದ ಬಸ್ಸು ಹತ್ತಿ ಹುನಗುಂದ, ಇಳಕಲ್ಲಿನ ಮನೆಗಳಿಗೆ ಹೋಗುತ್ತಿದ್ದೆ. ಮಾತು ಶುರುವಾಗುವ ಮುಂಚೆ ಒಪ್ಪಿಗೆ ಪತ್ರವನ್ನು ಓದಿ ಹೇಳಬೇಕಿತ್ತು. ನೀವು ಹೇಳಿದ್ದನ್ನು ಯಾರಿಗೂ ತಿಳಿಸುವುದಿಲ್ಲ ಎಂಬ ಸಾಲನ್ನು ನಿಧಾನವಾಗಿ ಓದುತ್ತಿದ್ದೆ. ಅದರ ಕೆಳಗೆ, ಯಾರದಾದರೂ ಜೀವಕ್ಕೆ ಅಪಾಯ ಕಂಡರೆ ಮಾತ್ರ ತಿಳಿಸಬೇಕಾಗುತ್ತದೆ ಎಂದಿತ್ತು. ಅದನ್ನು ಗಡಿಬಿಡಿಯಲ್ಲಿ ಓದಿ ಮುಗಿಸುತ್ತಿದ್ದೆ. ಆ ಸಾಲು ಕೇಳಿದವರು ಬಾಯಿ ಬಿಗಿದುಕೊಳ್ಳುವುದನ್ನು ಮೊದಲ ಎರಡು ಮನೆಗಳಲ್ಲೇ ಕಂಡಿದ್ದೆ.

ಇಳಕಲ್ಲಿನ ಆ ಮನೆಗೆ ನಾನು ಮೂರನೆಯ ಸಲ ಹೋದದ್ದು ಒಂದು ಮಧ್ಯಾಹ್ನ. ಮನೆಯಾಕೆಗೆ ನಲವತ್ತು ಇರಬಹುದು, ಸೀರೆ ನೇಯುವವಳು. ಗಂಡ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿದ್ದ. ಅತ್ತೆಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತು ಇರಲಿಲ್ಲ, ಕೂಗು ಮಾತ್ರ ಇತ್ತು. ಹಿಂದಿನ ಎರಡು ಸಲವೂ ಮುದುಕಿಯ ಕೂಗಿನ ನಡುವೆಯೇ ನಾವು ಮಾತಾಡಿದ್ದೆವು. ಅಂದು ಮನೆ ಸುಮ್ಮನಿತ್ತು. ಮಗ್ಗದ ಸದ್ದು ಬಿಟ್ಟರೆ ಏನೂ ಇಲ್ಲ.

ಅತ್ತೆ ಹೇಗಿದ್ದಾರೆಂದು ಕೇಳಿದೆ. ಮಲಗಿದ್ದಾಳೆ ಎಂದಳು. ಎಳೆ ಕೂಡಿಸುತ್ತಲೇ, ನನ್ನ ಮುಖ ನೋಡದೆ ಮುಂದುವರಿಸಿದಳು. "ಡಾಕ್ಟರು ನಿದ್ದಿ ಗುಳಿಗಿ ಅರ್ಧ ಬರದಿದ್ರು. ಅರ್ಧಕ್ಕ ಆಕಿ ಮಲಗಂಗಿಲ್ರಿ. ನಾ ಮಗ್ಗಕ್ಕ ಕುಂತ್ರ ಕೂಗ್ತಾಳ, ಎದ್ರ ಸುಮ್ನಾಗ್ತಾಳ. ಈಗ ಜಾಸ್ತಿ ಕೊಡ್ತೇನಿ."

ಎಷ್ಟು ಎಂದು ಕೇಳಿದೆ. ಒಂದರಿಂದ ಶುರುವಾಗಿ ಎರಡಾಗಿ, ಈ ವಾರ ಮೂರು ಎಂದಳು. ಫೋನಿನಲ್ಲಿ ಎಲ್ಲ ದಾಖಲಾಗುತ್ತಿತ್ತು. ಅಷ್ಟು ಬಿಚ್ಚುಮನಸ್ಸಿನ ಮಾತು ನನಗೆ ಎಲ್ಲೂ ಸಿಕ್ಕಿರಲಿಲ್ಲ. ಒಂದು ಕ್ಷಣ ನಾನು ಮುಂದಿನ ಪ್ರಶ್ನೆಯ ಬಗ್ಗೆ ಯೋಚಿಸಿದೆ. ಮುದುಕಿಯ ಬಗ್ಗೆ ಅಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಎದ್ದು ಒಳಗೆ ಹೋದೆ. ಮುದುಕಿ ಗೊರಕೆ ಹೊಡೆಯುತ್ತಿದ್ದಳು, ಆದರೆ ಒಂದು ಗೊರಕೆಗೂ ಇನ್ನೊಂದಕ್ಕೂ ನಡುವೆ ತುಂಬ ಹೊತ್ತು. ಭುಜ ಅಲ್ಲಾಡಿಸಿದೆ, ನೋವಿಗಾದರೂ ಎಚ್ಚರಾಗಲೆಂದು ಎದೆಯ ಮೂಳೆಯ ಮೇಲೆ ಗೆಣ್ಣಿನಿಂದ ಒತ್ತಿದೆ. ಹುಬ್ಬು ಸ್ವಲ್ಪ ಗಂಟಾಯಿತು, ಕಣ್ಣು ತೆರೆಯಲಿಲ್ಲ. ಗಡಿಯಾರ ಹಿಡಿದು ಉಸಿರು ಎಣಿಸಿದೆ. ನಿಮಿಷಕ್ಕೆ ಎಂಟು, ಇರಬೇಕಾದ್ದರ ಅರ್ಧ. ತುಟಿ ಕಂದತೊಡಗಿತ್ತು.

ಮುದುಕಿಯನ್ನು ಪಕ್ಕಕ್ಕೆ ಹೊರಳಿಸಿ ಗದ್ದ ಎತ್ತಿ ಹಿಡಿದು, ಏನು ಮಾಡಲೆಂದು ಕೇಳಲು ಇನ್ನೊಂದು ಕೈಯಿಂದ ನನ್ನ ಸಂಶೋಧನೆಯ ಮಾರ್ಗದರ್ಶಕಿಗೆ ಫೋನ್ ಮಾಡಿದೆ. ಅವರು ಎತ್ತಲಿಲ್ಲ. ತಿರುಗಿದರೆ ಸೊಸೆ ಬಾಗಿಲಲ್ಲಿ ನಿಂತಿದ್ದಳು.

"ಈಗಿಂದೀಗ ದವಾಖಾನಿಗೆ ಒಯ್ಯಬೇಕ್ರಿ," ಎಂದೆ.

"ಯಾರಿಗೂ ಹೇಳಂಗಿಲ್ಲ ಅಂದಿದ್ರಿ."

ಪತ್ರದ ಕೆಳಗಿನ ಸಾಲಿನಲ್ಲಿ ಇದೂ ಇತ್ತಲ್ಲ ಎಂದು ಹೇಳಬಹುದಿತ್ತು. ಆದರೆ ನಾನು ಓದಿದ ರೀತಿ ನನಗೇ ಗೊತ್ತಿತ್ತು. ಅತ್ತೆಯ ಉಸಿರು ನಿಲ್ಲಬಹುದು ಎಂದಷ್ಟೇ ಹೇಳಿದೆ. ಅವಳು ಓಡಿಹೋಗಿ ಓಣಿಯ ತುದಿಯಿಂದ ಆಟೋ ಕರೆತಂದಳು.

ದವಾಖಾನೆಯಲ್ಲಿ ಕೂಡಲೇ ಆಮ್ಲಜನಕ ಹಚ್ಚಿದರು. ಅಷ್ಟರಲ್ಲಿ ಗಂಡನೂ ಬಂದ, ತೋಳಿನ ತನಕ ಕಲ್ಲಿನ ಪುಡಿ. ಏನು ಕೊಟ್ಟಿದ್ದೀರಿ, ಎಷ್ಟು ಕೊಟ್ಟಿದ್ದೀರಿ ಎಂದು ಡಾಕ್ಟರು ಕೇಳಿದರು. ಸೊಸೆ ನೆಲ ನೋಡಿದಳು. ಗಂಡ ಅವಳನ್ನು ನೋಡಿದ. ಡಾಕ್ಟರು ಇನ್ನೊಮ್ಮೆ ಕೇಳಿದರು, ಈ ಸಲ ನನ್ನ ಕಡೆ ತಿರುಗಿ.

ನಾನು ಸೊಸೆಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. "ನೀವ ಹೇಳಿದ್ರ ಚೊಲೋ. ಇಲ್ಲಂದ್ರ ನಾ ಹೇಳಬೇಕಾಗ್ತೈತಿ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಂತರ ಸೆರಗು ತೆಗೆದು, "ಮೂರು ಗುಳಿಗಿ ಕೊಟ್ಟೇನ್ರಿ. ನಾನ ಕೊಟ್ಟೇನಿ," ಎಂದಳು.

ಡಾಕ್ಟರು ಬಾಗಲಕೋಟೆಯ ದೊಡ್ಡ ದವಾಖಾನೆಗೆ ಒಯ್ಯಲು ಹೇಳಿದರು. ಆಂಬುಲೆನ್ಸಿನಲ್ಲಿ ನಾವು ಮೂವರೂ ಎದುರುಬದುರು ಕುಳಿತೆವು, ನಡುವೆ ಮುದುಕಿ. ಹುನಗುಂದ ದಾಟುವಾಗ ಮಾರ್ಗದರ್ಶಕಿಯ ಫೋನ್ ಬಂತು. ಅವರಿಬ್ಬರ ಎದುರು ಏನು ಹೇಳಲಿ? ಆಮೇಲೆ ಮಾಡುತ್ತೇನೆಂದು ಇಟ್ಟೆ. ಅಮೀನಗಡದ ಹತ್ತಿರ ಗಂಡ ಮೊದಲ ಸಲ ಬಾಯಿ ತೆರೆದು, ಎಷ್ಟು ದಿನದಿಂದ ಎಂದು ಹೆಂಡತಿಯನ್ನು ಕೇಳಿದ. ಯುಗಾದಿಯಿಂದ ಎಂದಳು. "ನನಗ್ಯಾಕ ಹೇಳಲಿಲ್ಲ?" ಎಂದ. "ನೀವು ಒಮ್ಮ್ಯಾದ್ರೂ ಕೇಳೀರೇನು, ಆಕಿನ್ನ ಹೆಂಗ ನೋಡ್ಕೊಂತಿ ಅಂತ?" ಎಂದಳು. ಅವನು ತಾಯಿಯ ಕಾಲ ಮೇಲೆ ಕೈಯಿಟ್ಟು ಕೂತ.

ಮರುದಿನ ಮಧ್ಯಾಹ್ನ ಮುದುಕಿ ಕಣ್ಣು ಬಿಟ್ಟು ಕೂಗಿದಳು. ವಾರ್ಡಿನ ಬಾಗಿಲಲ್ಲಿದ್ದ ಸೊಸೆ ಅಲ್ಲೇ ಗೋಡೆಗೆ ಒರಗಿ ಕುಸಿದು ಅತ್ತಳು. ನಾನು ಹತ್ತಿರ ಹೋದರೆ ಮುಖ ತಿರುಗಿಸಿದಳು.

ನಡೆದದ್ದನ್ನೆಲ್ಲ ಮಾರ್ಗದರ್ಶಕಿಗೆ ಬರೆದುಕೊಟ್ಟೆ, ಗಡಿಬಿಡಿಯಲ್ಲಿ ಓದಿದ ಸಾಲಿನ ಸಂಗತಿಯನ್ನೂ. ಅವರು ಬೈಯಲಿಲ್ಲ. ಅವಳ ಮಾತುಗಳನ್ನು ಬಳಸಬಹುದೋ ಇಲ್ಲವೋ ಅವಳನ್ನೇ ಕೇಳಿ ಬಾ ಎಂದರು.

ತಿಂಗಳ ಮೇಲೆ ಹೋದೆ. ಚಹಾ ಕೊಟ್ಟಳು, ಆದರೆ ಕೂತುಕೊಳ್ಳಲು ಹೇಳಲಿಲ್ಲ. ಬಳಸುವುದು ಬೇಡ, ಅಳಿಸಿಬಿಡಿ ಎಂದಳು. ಮೂರೂ ದಿನದ ಧ್ವನಿಯನ್ನು ಅವಳ ಕಣ್ಣೆದುರೇ ಅಳಿಸಿದೆ. ನನ್ನ ಪ್ರಬಂಧದಲ್ಲಿ ಆ ಮನೆ ಇಲ್ಲ.

ಪದವಿ ಬಂದ ಮೇಲೆ ಒಮ್ಮೆ ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ಅವಳೇ ನನ್ನನ್ನು ಗುರುತಿಸಿ ಮಾತಾಡಿಸಿದಳು. ಅತ್ತೆ ಇನ್ನೂ ಇದ್ದಾಳೆ, ಕೂಗುತ್ತಾಳೆ ಎಂದಳು. ಗಂಡ ಬಾದಾಮಿಯಲ್ಲಿದ್ದ ತಂಗಿಯನ್ನು ಕರೆಸಿ ಮಾತಾಡಿದನಂತೆ. ಈಗ ನಾದಿನಿ ತಿಂಗಳಿಗೆ ಹತ್ತು ದಿನ ತಾಯಿಯನ್ನು ತನ್ನ ಮನೆಗೆ ಒಯ್ಯುತ್ತಾಳೆ. ಹೆಸರು ಹೇಳದೆ ನಿಮ್ಮ ಸಂಗತಿಯನ್ನು ಎಲ್ಲಾದರೂ ಬರೆಯಲೇ ಎಂದು ಧೈರ್ಯ ಮಾಡಿ ಕೇಳಿದೆ.

"ಬರೀರಿ. ಆದ್ರ ಕೆಟ್ಟಾಕಿ ಅಂತ ಬರೀಬ್ಯಾಡ್ರಿ," ಎಂದು ಬಾದಾಮಿ ಬಸ್ಸಿನತ್ತ ನಡೆದಳು.