ಮೊಲದ ಕೂದಲಿನ ಹಾಸಿಗೆ

ಆ ಮಧ್ಯಾಹ್ನ ಪಡಸಾಲೆಯಲ್ಲಿ ನಾವು ನಾಲ್ವರಿದ್ದೆವು, ಮೊಲವನ್ನೂ ಲೆಕ್ಕಕ್ಕೆ ಹಿಡಿದರೆ. ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಜ್ಜಿ ಗೋಡೆಗೆ ಒರಗಿ, ಕಾಲು ಚಾಚಿ, ದೇವರ ಮುಂದಿನ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ನಾನು ಮಡಿಲಿಗೆ ಹಳೇ ಟವೆಲ್ ಹಾಸಿಕೊಂಡು ಮೊಲದ ಮೈ ಬಾಚುತ್ತಿದ್ದೆ. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ಮನೆಯಲ್ಲಿ ಊಟವಾದ ಮೇಲಿನ ಹೊತ್ತು ದಿನಾ ಹೀಗೇ ಕಳೆಯುತ್ತಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಡಿಗ್ರಿಯೂ ಮುಗಿದು, ಗಂಡು ನೋಡುವ ಮಾತು ಶುರುವಾಗಿತ್ತು.

ಮೊಲ ಅಪ್ಪನ ಗೆಳೆಯರೊಬ್ಬರು ಕೊಟ್ಟದ್ದು. ಅಂಗೋರಾ ಜಾತಿಯದು. ಮೈತುಂಬ ಬೆರಳುದ್ದ ಬಿಳಿ ಕೂದಲು. ಮುದುಡಿ ಕೂತರೆ ಮುಖ ಯಾವ ಕಡೆ ಎಂದು ಹುಡುಕಬೇಕು. ತೀರಿಹೋದ ಅಜ್ಜ ಹತ್ತಿ ಗಿರಣಿಯಲ್ಲಿ ದುಡಿದವನು. ಹಾಗಾಗಿ ನಮ್ಮ ಮನೆಯಲ್ಲಿ ಬೆಳ್ಳಗಿದ್ದು ಮೆತ್ತಗಿದ್ದದ್ದೆಲ್ಲ ಹತ್ತಿಯೇ. ಅಜ್ಜಿ ಅದನ್ನು ಕರೆಯುತ್ತಿದ್ದದ್ದೂ "ಬಾರವ್ವ ನನ್ನ ಹತ್ತಿ ಮೂಟಿ" ಎಂದೇ.

ಅದಕ್ಕೆ ಸ್ನಾನ ಮಾಡಿಸುವ ಹಾಗಿರಲಿಲ್ಲ, ನೀರು ತಾಗಿದರೆ ಕೂದಲು ಜಡೆಗಟ್ಟುತ್ತಿತ್ತು. ಬಾಯಿಂದ ಮೆಲ್ಲಗೆ ಊದಿದರೆ ಕೂದಲು ಬೈತಲೆ ತೆಗೆದಂತೆ ಎರಡಾಗುತ್ತಿತ್ತು. ಅಲ್ಲಿಂದ ಮೊದಲು ಅಗಲ ಹಲ್ಲಿನ ಬಾಚಣಿಗೆ, ಆಮೇಲೆ ಸಣ್ಣದು. ಉದುರಿದ್ದು ಮೈಮೇಲೇ ಉಳಿದರೆ ಅದು ನೆಕ್ಕಿ ನುಂಗುತ್ತದೆ, ಹೊಟ್ಟೆ ಕಟ್ಟಿ ಸತ್ತೇಹೋಗುತ್ತದೆ ಎಂದು ದನದ ಡಾಕ್ಟರು ಹೆದರಿಸಿದ್ದರು. ಕಿವಿಯ ಹಿಂದೆ, ಕಂಕುಳಲ್ಲಿ ಸಿಕ್ಕಾದರೆ ನಾನು ಬಾಚಣಿಗೆ ಕೆಳಗಿಡುತ್ತಿದ್ದೆ. ಅದು ಅಜ್ಜಿಯ ಕೆಲಸ. "ಎಳೀಬ್ಯಾಡ. ಅದಕ್ಕೂ ಒಂದೀಟು ಪುರುಸೊತ್ತು ಕೊಡು" ಎನ್ನುತ್ತ, ಬತ್ತಿ ಹೊಸೆಯುವ ಬೆರಳಿಂದ ಎಂಥ ಗಂಟನ್ನೂ ಬಿಡಿಸುತ್ತಿದ್ದಳು. ಮೊಲ ಕಣ್ಣು ಕೂಡ ತೆರೆಯುತ್ತಿರಲಿಲ್ಲ.

ಬಾಚಿದ ಕೂದಲನ್ನು ಒಂದು ದಿಂಬಿನ ಚೀಲಕ್ಕೆ ತುಂಬಿ ಅಟ್ಟದ ಮೇಲಿಡುತ್ತಿದ್ದೆ. ಅದೂ ಅಜ್ಜಿಯ ಹುಕುಂ.

"ಜ್ವಾಪಾನ ಮಾಡೇ. ಇದು ನಿನ್ನ ಮಗೀನ ತೊಟ್ಲಿಗೆ. ನನ್ನ ಕೈಯಾರೆ ಹಾಸಿಗಿ ಹೊಲಿದು ಕೊಡ್ತೀನಿ."

"ಗಂಡೇ ಸಿಕ್ಕಿಲ್ಲ, ಆಗ್ಲೇ ತೊಟ್ಲೇನ್ರಿ ಅತ್ತಿ!" ಎಂದು ಅವ್ವ ನಗುವಳು.

"ಗಂಡು ಸಿಕ್ಕಾಗ ಸಿಗ್ಲಿ. ಕೂದ್ಲು ದಿನಾ ಸಿಗ್ತೈತಲ್ಲ."

ಆವತ್ತು ಅಜ್ಜಿ ಬತ್ತಿಯಿಂದ ಕಣ್ಣೆತ್ತಿ, "ದೀಪಾವಳಿ ಬಂತು. ಮನಿಗೆ ಸುಣ್ಣ ಹೊಡಸ್ರಿ" ಎಂದಳು.

"ಹೋದ ವರ್ಷ ಹೊಡಸೀವಲ್ರಿ."

"ಗೋಡಿ ನೋಡು ಹೆಂಗಾಗ್ಯಾವೆ. ನೋಡಿದೋರು ಏನಂದಾರು?" ಆಮೇಲೆ ನನ್ನ ಕಡೆ ತಿರುಗಿ, "ಸುಣ್ಣದ ಧೂಳು ಇದಕ್ಕಾಗಂಗಿಲ್ಲ ತಂಗಿ. ನಾ ಹೆಂಗೂ ಹರಿಹರಕ್ಕೆ ಹೊಂಟೀನಿ, ಜೊತಿಗೆ ಕರ್ಕಂಡ್ ಹೋಗ್ತೀನಿ" ಎಂದಳು.

ಹರಿಹರದಲ್ಲಿ ದೊಡ್ಡಪ್ಪನ ಮನೆ. ದೊಡ್ಡಪ್ಪನ ಮಗಳು, ನನ್ನ ಅಕ್ಕ, ಹೆರಿಗೆಗೆ ಬಂದವಳು ಗಂಡು ಹೆತ್ತಿದ್ದಳು.

"ದಿನಾ ಬಾಚ್ತೀಯ?" ಎಂದು ಕೇಳಿದೆ.

"ನಿನ್ನ ತಲಿ ಬಾಚಿದ ಕೈ ಇದು. ನನ್ನೇ ಕೇಳ್ತೀಯಲ್ಲ!"

ನಾನೇ ಬುಟ್ಟಿಯಲ್ಲಿ ಗರಿಕೆ ಹಾಸಿ, ಎರಡೂ ಬಾಚಣಿಗೆ ಇಟ್ಟು, ಬಸ್ಸು ಹತ್ತಿಸಿ ಬಂದೆ. ಸುಣ್ಣದವರು ಬಂದಾಗ ಅಟ್ಟದ ಸಾಮಾನು ಇಳಿಸಿದರೆ ದಿಂಬಿನ ಚೀಲ ಕಾಣಲಿಲ್ಲ. ಅವ್ವ ಎಲ್ಲೋ ಎತ್ತಿಟ್ಟಿರಬೇಕು ಅಂದುಕೊಂಡೆ.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ನಾವೆಲ್ಲ ಹರಿಹರಕ್ಕೆ ಹೋದೆವು. ಚಪ್ಪಲಿ ಬಿಟ್ಟವಳೇ ಮೊಲವನ್ನು ಹುಡುಕಿದೆ. ಹಿತ್ತಲ ಕೋಣೆಯ ಮಂಚದ ಕೆಳಗೆ ಏನೋ ಮುದುಡಿ ಕೂತಿತ್ತು. ಇಲಿಮರಿಯಂಥ ಗುಲಾಬಿ ಚರ್ಮ, ಅಲ್ಲಲ್ಲಿ ಕತ್ತರಿ ತಾಗಿದ ಕೆಂಪು ಗೆರೆ, ಮೈಗಿಂತ ದೊಡ್ಡದಾಗಿ ಕಾಣುವ ಕಿವಿ. ಎತ್ತಿಕೊಂಡರೆ ಗಡಗಡ ನಡುಗಿತು.

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. "ಸಿಕ್ಕಾಗಿತ್ತವ್ವ. ಬಿಡ್ಸಾಕ ಆಗ್ಲಿಲ್ಲ."

ಅಜ್ಜಿಯ ಬೆರಳಿಗೆ ಬಿಡದ ಸಿಕ್ಕೇ? ಅಂದುಕೊಂಡೆ. ಆದರೂ ನಂಬಿದೆ. ಅವಳ ಮಾತನ್ನು ನಂಬದೇ ಇರುವುದು ನನಗೆ ಅಭ್ಯಾಸವಿರಲಿಲ್ಲ.

ಒಳಗೆ ಹಾಡು ಮುಗಿದು, ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದರು. ಪಕ್ಕದ ಮನೆಯಾಕೆ ಹಾಸಿಗೆ ಒತ್ತಿ ನೋಡಿ, "ಎಷ್ಟ್ ಮೆತ್ತಗೈತ್ರೀ! ಎಲ್ಲೀ ಹತ್ತಿ?" ಎಂದಳು.

ದೊಡ್ಡಮ್ಮನಿಗೆ ಹೆಮ್ಮೆ. "ಹತ್ತಿ ಅಲ್ರಿ, ಮೊಲದ ಕೂದ್ಲು! ನಮ್ಮತ್ತಿ ಗಣಪತಿ ಹಬ್ಬಕ್ಕೆ ಬಂದಾಗ್ಲೇ ಹೇಳಿದ್ರು, ಹುಟ್ಟೋ ಕೂಸಿಗೆ ಹಾಸಿಗಿ ನಂದು ಅಂತ. ಚೀಲದಾಗ ತಂದಿದ್ದು ಸಾಲಲಿಲ್ಲ, ಅದಕ್ಕ ಮೊಲಾನೂ ಬೋಳಿಸಿದ್ರು."

ಗಣಪತಿ ಹಬ್ಬ. ಅಜ್ಜಿಯ ಕಣ್ಣಿಗೂ ನಮ್ಮ ಗೋಡೆಗಳು ಇನ್ನೂ ಬೆಳ್ಳಗೇ ಇದ್ದ ಕಾಲ. ಸುಣ್ಣ, ಧೂಳು ಎಲ್ಲ ಮೊಲವನ್ನು ಒಯ್ಯುವ ನೆಪ.

ಅಜ್ಜಿಯನ್ನು ಹಿತ್ತಲಿಗೆ ಕರೆದು, "ಕೇಳಿದ್ರೆ ನಾ ಕೊಡ್ತಿರಲಿಲ್ವ ಅಜ್ಜಿ?" ಎಂದೆ.

"ಕೊಡ್ತಿದ್ದೆ. ಮಾರಿ ಸಣ್ಣ ಮಾಡ್ಕಂಡು ಕೊಡ್ತಿದ್ದೆ. ಅದನ್ನ ನೋಡಾಕ ನನ್ನ ಕೈಲಾಗ್ತಿರಲಿಲ್ಲ" ಎಂದಳು. ಸೆರಗಿಗೆ ಕೈ ಒರೆಸಿಕೊಂಡು, "ಮರಿಮೊಮ್ಮಗ ಮೊದ್ಲು ಬಂದ, ಅವಂಗೆ ಹಾಸಿದೆ. ಕೂದ್ಲು ಬೆಳೀತೈತೆ ಬಿಡು."

ಕೂದಲು ಬೆಳೆಯುತ್ತದೆ, ನನಗೂ ಗೊತ್ತಿತ್ತು. ನನ್ನನ್ನು ಚುಚ್ಚಿದ್ದು 'ಸಿಕ್ಕಾಗಿತ್ತವ್ವ' ಎಂಬ ಮಾತು. ಮಾತಾಡಲು ಕಲಿತದ್ದೇ ನಾನು ಅವಳ ಬಾಯಿಂದ. 'ಅವ್ವ' ಎನ್ನುವಾಗ ದನಿಯನ್ನು ಎಷ್ಟು ತಗ್ಗಿಸಬೇಕೆಂದು ಕಲಿಸಿದವಳೂ ಅವಳೇ. ಅದೇ ದನಿಯಲ್ಲಿ ನನಗೆ ಸುಳ್ಳು ಹೇಳಿದ್ದಳು. ಮೊಲವನ್ನು ದುಪಟ್ಟಾದಲ್ಲಿ ಸುತ್ತಿಕೊಂಡು, ಹೋಳಿಗೆ ಊಟಕ್ಕೂ ನಿಲ್ಲದೆ ದಾವಣಗೆರೆ ಬಸ್ಸು ಹತ್ತಿದೆ.

ಆ ಚಳಿಗಾಲ ಮೊಲ ಅಪ್ಪನ ಹಳೇ ಸ್ವೆಟರಿನ ತೋಳಿನೊಳಗೆ ದಿನ ಕಳೆಯಿತು. ಅಜ್ಜಿ ಹರಿಹರದಲ್ಲೇ ಉಳಿದಳು. ನಾನೂ ಬಾ ಎನ್ನಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ದೊಡ್ಡಮ್ಮ ಅಜ್ಜಿಯನ್ನು ಕರೆದುಕೊಂಡು ಬಂದಳು. ಕೈಯಲ್ಲಿ ಒಂದು ಚೀಲ. ಕೂಸು ಉಚ್ಚೆ ಹೊಯ್ದು ಹಾಸಿಗೆ ನಾತ ಹಿಡಿದಿತ್ತಂತೆ. ದೊಡ್ಡಮ್ಮ ಕೂದಲನ್ನು ಹೊರತೆಗೆದು, ಕುದಿನೀರು ಸೋಪಿನಲ್ಲಿ ತಿಕ್ಕಿ ತುಳಿದು, ಬಿಸಿಲಿಗೆ ಹಾಕಿ, ಹತ್ತಿ ಬಡಿದಂತೆ ಕೋಲಿನಿಂದ ಬಡಿದಿದ್ದಳು.

"ಬಡದಷ್ಟೂ ಅರಳ್ತೈತೆ ಅಂದ್ಕಂಡೆ. ಇದು ನೋಡಿದ್ರೆ ಕಟಕ್ ರೊಟ್ಟಿ ಆತು!"

ಚೀಲದಿಂದ ತೆಗೆದು ನೆಲದ ಮೇಲಿಟ್ಟಳು. ಮಣೆಯಷ್ಟಕ್ಕೆ ಕುಗ್ಗಿ ಗಟ್ಟಿಯಾದ, ಹಳದಿ ತಿರುಗಿದ ಒಂದು ಹಲಗೆ. ಅಜ್ಜಿ ಅದನ್ನು ಮಡಿಲಿಗೆ ಹಾಕಿಕೊಂಡು ಅಂಚಿನಲ್ಲಿ ಉಗುರು ತೂರಿಸಿದಳು. ಬಹಳ ಹೊತ್ತು ಬಿಡಿಸಿದಳು. ಒಂದು ಎಳೆಯೂ ಬರಲಿಲ್ಲ. ಕೊನೆಗೆ ನನ್ನ ಕಡೆ ಚಾಚಿದಳು.

ನಾನು ತೆಗೆದುಕೊಂಡು ಮೊಲದ ಬುಟ್ಟಿಯಲ್ಲಿ ಹಾಸಿದೆ. ಮೊಲ ಸ್ವೆಟರಿನ ತೋಳಿನಿಂದ ಹೊರಬಂದು, ಅದರ ನಾಲ್ಕೂ ಮೂಲೆ ಮೂಸಿ ನೋಡಿ, ಮೇಲೆ ಹತ್ತಿ ಮಲಗಿತು.